ರಿಮ್ಮೇ ಬೆಂಡು ಅಂತ ಯಾರು ಹೇಳಿದ್ದು?

ಒದ್ದೆ ರಸ್ತೆಯಲ್ಲಿ ಜಾರಿ ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಬೀಡಾ ಅಂಗಡಿ ಕಡೆಯಿಂದ ತೀರ್ಪು ಬಂದುಬಿಟ್ಟಿರುತ್ತದೆ: "ರಿಮ್ ಬೆಂಡಾಯ್ತು ಬಿಡಿ ಸಾರ್." ಇನ್ನೊಬ್ಬರು ಟೀ ಲೋಟ ಹಿಡಿದೇ ಬಂದು, ಟೈರನ್ನು ಎರಡು ಸಲ ಹಿಸುಕಿ, ಮುಂದಿನ ಚಕ್ರ ಹಿಡಿದಿರುವ ಕವಲನ್ನು ತೋರಿಸಿ, "ಫೋರ್ಕೂ ಹೋಗಿದೆ" ಅಂತ ಮೇಲ್ಮನವಿಗೆ ಅವಕಾಶವಿಲ್ಲದ ಹಾಗೆ ಮುಗಿಸುತ್ತಾರೆ. ತರಚಿದ ಮೊಣಕಾಲಿನ ವಿಷಯ ಯಾರೂ ಕೇಳುವುದಿಲ್ಲ. ಬಿದ್ದವರೂ ಹೇಳಿಕೊಳ್ಳುವುದಿಲ್ಲ. ಯಾರು ಯಾರು ನೋಡಿದರು ಅಂತ ಎಣಿಸುವುದರಲ್ಲೇ ಇರುತ್ತಾರೆ.

ನಿಧಾನವಾಗಿ ಹೋಗುತ್ತಿದ್ದ ಸೈಕಲ್ ಪಕ್ಕಕ್ಕೆ ಉರುಳಿದರೆ ಸಾಮಾನ್ಯವಾಗಿ ಮೊದಲು ಜಾಗ ಬಿಟ್ಟು ಕದಲುವುದು ಹ್ಯಾಂಡಲ್. ಚಕ್ರ ಪೂರ್ವಕ್ಕೂ ಹ್ಯಾಂಡಲ್ ಈಶಾನ್ಯಕ್ಕೂ ನೋಡುತ್ತಿದ್ದರೆ, ಮೇಲೆ ನಿಂತವರ ಕಣ್ಣಿಗೆ ಚಕ್ರವೇ ಸೊಟ್ಟಗೆ ಕಾಣುತ್ತದೆ. ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಇರುಕಿಸಿಕೊಂಡು ಹ್ಯಾಂಡಲ್ ತಿರುಚುವ ವಿದ್ಯೆಯನ್ನು ನಮ್ಮಲ್ಲಿ ಯಾರಿಗೂ ಕಲಿಸಬೇಕಿಲ್ಲ. ಕಲಿಸಬೇಕಾದದ್ದು ಆಮೇಲೆ ಬೋಲ್ಟ್ ಬಿಗಿ ಮಾಡುವುದನ್ನು. ಹಳೆಯ ಬಗೆಯ ಹ್ಯಾಂಡಲ್ ಆದರೆ ಮೇಲಿನ ಉದ್ದ ಬೋಲ್ಟನ್ನು ಎರಡು ಸುತ್ತು ಬಿಟ್ಟು, ತಲೆಯ ಮೇಲೆ ಮರದ ತುಂಡಿಟ್ಟು ಒಂದು ಏಟು ಕೊಟ್ಟರೆ ಒಳಗಿನ ಬೆಣೆ ಸಡಿಲಾಗುತ್ತದೆ. ನೇರ ಮಾಡಿ ಮತ್ತೆ ಬಿಗಿ ಮಾಡಿ. ಹೊಸ ಬಗೆಯದರಲ್ಲಿ ಪಕ್ಕದ ಎರಡು ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ತೂತಿರುವಂಥವು) ಬಿಟ್ಟರೆ ಸಾಕು. ನೆತ್ತಿಯ ಮುಚ್ಚಳದ ಬೋಲ್ಟ್ ಇರುವುದು ಬೇರಿಂಗಿನ ಹದಕ್ಕೆ. ಅದನ್ನು ಬಿಗಿ ಮಾಡಿ ಹ್ಯಾಂಡಲ್ ಬಿಗಿಯಾಯಿತು ಅಂತ ನಂಬಿದವರು ಮುಂದಿನ ತಿರುವಿನಲ್ಲಿ ಇನ್ನೊಮ್ಮೆ ಬೀಳುತ್ತಾರೆ.

ಎರಡನೆಯ ಅನುಮಾನ ಚಕ್ರದ ಅಚ್ಚಿನ ಮೇಲೆ. ಬಿದ್ದ ಪೆಟ್ಟಿನಿಂದ ಚಕ್ರ ಫೋರ್ಕಿನ ಸಂದಿನಲ್ಲಿ ಒಂದು ಕಡೆ ಕೂದಲೆಳೆಯಷ್ಟು ಜಾರಿದರೂ ಸಾಕು, ಮೇಲೆ ರಿಮ್ ಬ್ರೇಕ್ ಕಟ್ಟೆಗೆ ಉಜ್ಜುತ್ತದೆ. ಸೈಕಲ್ಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ನಟ್ ಬಿಟ್ಟು, ಮೇಲಿನಿಂದ ಭಾರ ಹಾಕಿ ಅಚ್ಚನ್ನು ಪೂರ್ತಿ ಒಳಗೆ ಕೂರಿಸಿ, ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಒಂದೇ ಸ್ಪ್ಯಾನರಿನ ಕೆಲಸ. "ರಿಮ್ ಬೆಂಡ್" ಅಂತ ಬಂದ ಎಷ್ಟೋ ಸೈಕಲ್ಲುಗಳು ಇಲ್ಲಿಗೇ ವಾಸಿಯಾಗಿ ಮನೆಗೆ ಹೋಗುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ. ಬೆಲ್ಲಿನ ಕೆಳಗೆ ಗೋಣಿಚೀಲ ಹಾಕಿ, ಅದೊಂದಾದರೂ ಉಳಿಯಲಿ. ಚಕ್ರ ತಿರುಗಿಸಿ. ಎಲ್ಲರೂ ಟೈರನ್ನು ನೋಡುತ್ತಾರೆ, ನೀವು ರಿಮ್ ನೋಡಿ. ಟೈರು ಹಾವಿನ ಹಾಗೆ ಹರಿದಾಡುತ್ತಾ ರಿಮ್ ನೆಟ್ಟಗಿದ್ದರೆ ಟೈರಿನ ಅಂಚು ಒಂದು ಕಡೆ ರಿಮ್ಮಿನೊಳಗೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಒತ್ತಿಕೊಂಡೇ ಒಂದು ಸಣ್ಣ ಗೆರೆ ಓಡುತ್ತದಲ್ಲ, ಅದು ಸುತ್ತಲೂ ಒಂದೇ ದೂರದಲ್ಲಿರಬೇಕು. ಎಲ್ಲೋ ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು, ಆ ಜಾಗಕ್ಕೆ ಸೋಪಿನ ನೀರು ಹಚ್ಚಿ, ಕೈಯಿಂದ ಎಳೆದು ಕೂರಿಸಿ ಮತ್ತೆ ಗಾಳಿ ಹೊಡೆಯಿರಿ.

ರಿಮ್ಮೇ ಓಲಾಡುತ್ತಿದ್ದರೆ ಯಾವ ಬಗೆಯ ಓಲಾಟ ಅನ್ನುವುದು ಮುಖ್ಯ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ಪಕ್ಕಕ್ಕೆ ಬಾಗಿ ಮತ್ತೆ ಸರಿಯಾದರೆ ಅದು ನಿಜವಾದ ಬೆಂಡು. ಓಲಾಟವೇ ಇಲ್ಲದೆ ಇಡೀ ಚಕ್ರ ಒಂದೇ ಪಕ್ಕಕ್ಕೆ ವಾಲಿಕೊಂಡು ತಿರುಗುತ್ತಿದ್ದರೆ ಕಡ್ಡಿ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಚಕ್ರ ಬಿಚ್ಚಿ ಎಡಬಲ ಬದಲಿಸಿ ಹಾಕಿ. ವಾಲುವುದೂ ಎಡದಿಂದ ಬಲಕ್ಕೆ ಬದಲಾದರೆ ತಪ್ಪು ಚಕ್ರದ್ದು. ಚಕ್ರ ತಿರುಗಿಸಿ ಹಾಕಿದರೂ ಮೊದಲಿನ ಕಡೆಗೇ ವಾಲುತ್ತಿದ್ದರೆ ಫೋರ್ಕು ಸೊಟ್ಟಗಾಗಿದೆ, ಟೀ ಲೋಟದವರು ಸರಿ. (ಅವರಿಗೆ ಹೇಳಬೇಕಾಗಿಲ್ಲ.) ಆಗ ಹ್ಯಾಂಡಲ್ ಕೆಳಗಿನ ಫ್ರೇಮ್ ಪೈಪಿನ ಅಡಿಯಲ್ಲೂ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಪೈಪ್ ಬಾಗಿದೆ, ಅದರ ಮೇಲೆ ಹತ್ತಬೇಡಿ.

ಮೂರನೆಯ ಬಗೆಯದು ಎಲ್ಲಿ ಹಿಡಿದು ಅಲುಗಿಸಿದರೂ ಟಕ್ ಟಕ್ ಅನ್ನುವ ಚಕ್ರ. ರಿಮ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಚಕ್ರ ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಅಲ್ಲಾಡಿಸಿ. ಎರಡೂ ಕಡೆ ಒಂದೇ ಸಮ ಆಡಿದರೆ ಹಬ್ಬಿನ (ಚಕ್ರದ ನಡುಗುಂಬದ) ಕೋನ್, ಅಂದರೆ ಬೇರಿಂಗಿನ ಬಾಲ್ಸನ್ನು ಒತ್ತಿ ಹಿಡಿಯುವ ನಟ್, ಸಡಿಲಾಗಿದೆ, ಇಲ್ಲವೇ ಬಾಲ್ಸ್ ಸವೆದಿವೆ. ಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಬಾಲ್ಸ್ ಬದಲಿಸುವುದಾದರೆ ಮುಂದಿನವು ಸಾಮಾನ್ಯವಾಗಿ 3/16 ಇಂಚು, ಹಿಂದಿನವು 1/4 ಇಂಚು. ಕೋನ್ ಎಷ್ಟು ಬಿಗಿ ಅಂದರೆ, ಆಟ ನಿಂತಿರಬೇಕು, ಆದರೂ ಚಕ್ರವನ್ನು ಬಿಟ್ಟರೆ ವಾಲ್ವಿನ ಭಾರಕ್ಕೇ ನಿಧಾನವಾಗಿ ತಿರುಗಿ ವಾಲ್ವ್ ಕೆಳಗೆ ಬಂದು ನಿಲ್ಲಬೇಕು.

ಈಗ ಕಡ್ಡಿಗಳಿಗೆ ಬರೋಣ, ಯಾಕೆಂದರೆ ಅನಾಹುತಗಳು ಆಗುವುದು ಇಲ್ಲಿ. ಹಳೆಯ ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಈಗಿನವುಗಳಲ್ಲಿ ಬಹಳಷ್ಟಕ್ಕೆ ಎರಡೂ ಚಕ್ರಕ್ಕೆ 36. ಅರ್ಧ ಕಡ್ಡಿಗಳು ಹಬ್ಬಿನ ಬಲದಿಂದ, ಅರ್ಧ ಎಡದಿಂದ ಹೊರಟು ರಿಮ್ಮನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಿರುತ್ತವೆ, ಹಗಲೂ ರಾತ್ರಿ ಹಗ್ಗಜಗ್ಗಾಟ. ಯಾರೂ ಗೆಲ್ಲದಿರುವವರೆಗೆ ಚಕ್ರ ನೆಟ್ಟಗೆ. ಬಲದ ಕಡ್ಡಿಯೊಂದು ಮುರಿದರೆ ರಿಮ್ ಆ ಜಾಗದಲ್ಲಿ ಎಡಕ್ಕೆ ಹೋಗುತ್ತದೆ. ಹೀಗೆ ಎಳೆತದ ಮೇಲೆ ನಿಲ್ಲುವ ಚಕ್ರವನ್ನು ಇಂಗ್ಲೆಂಡಿನ ಜಾರ್ಜ್ ಕೇಯ್ಲಿ 1808ರಲ್ಲಿ ಯೋಚಿಸಿದ್ದು ಹಾರುವ ಯಂತ್ರಕ್ಕೆಂದು. ನಮ್ಮ ಹಂಪುಗಳ ಮೇಲೆ ಅದು ಮೂಲ ಉದ್ದೇಶಕ್ಕೇ ಬಳಕೆಯಾಗುತ್ತಿದೆ. 8ನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನ ಕ್ಯಾರಿಯರ್ ಮೇಲೆ ಹುಡುಗಿಯ ಚಿಕ್ಕಪ್ಪ ಕೂತು, ಅವರ ತೊಡೆಯ ಮೇಲೆ ಹಿಂಡಿ ಮೂಟೆಯೂ ಕೂತಾಗ ಹಿಂದಿನ ಚಕ್ರದ ಕಡ್ಡಿ ಮುರಿಯುವುದು ಹಬ್ಬಿನ ತೂತಿನ ಹತ್ತಿರ, ಕಡ್ಡಿ ಮೊಣಕೈ ಹಾಗೆ ಬಾಗಿರುವಲ್ಲಿ. ಹುಡುಕುವಾಗ ಅಲ್ಲೇ ಹುಡುಕಿ.

ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟುತ್ತಾ ಬನ್ನಿ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ದಪ್ ಅನ್ನುತ್ತದೆ. ಹಿಂದಿನ ಚಕ್ರದಲ್ಲಿ ಫ್ರೀವೀಲ್ (ಚೈನು ಕೂರುವ ಹಲ್ಲಿನ ಚಕ್ರ) ಇರುವ ಬಲಗಡೆ ಕಡ್ಡಿಗಳ ಶ್ರುತಿ ಎಡಗಡೆಗಿಂತ ಮೇಲಿರುವುದು ಸಹಜ. ಆದ್ದರಿಂದ ಬಲದ್ದನ್ನು ಬಲದ್ದರ ಜೊತೆಗೇ ಹೋಲಿಸಿ. ಎರಡನ್ನೂ ಒಂದೇ ಶ್ರುತಿಗೆ ತರಲು ಹೊರಟ ಸಂಗೀತಪ್ರೇಮಿಗಳ ಚಕ್ರಗಳು ಮೂಲೆ ಸೇರಿವೆ.

ಬೆಂಡು ತೆಗೆಯಲು ಬೇಕಾದದ್ದು ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್) ತಿರುಗಿಸುವ ಕೀ ಮತ್ತು ಒಂದು ಸೀಮೆಸುಣ್ಣ. ಕೀ ನಿಪ್ಪಲ್‌ಗೆ ಅಳತೆ ಮಾಡಿದ ಹಾಗೆ ಕೂರಬೇಕು. ಕಟಿಂಗ್ ಪ್ಲೇಯರ್ ಹಾಕಿದಿರೋ, ನಿಪ್ಪಲಿನ ನಾಲ್ಕು ಮೂಲೆಯೂ ಸವೆದು ಗುಂಡಗಾಗಿ, ಆಮೇಲೆ ದೇವರೇ ಬಂದರೂ ತಿರುಗುವುದಿಲ್ಲ. ತುಕ್ಕಿದ್ದರೆ ಕಡ್ಡಿ ನಿಪ್ಪಲ್ ಸೇರುವಲ್ಲಿ ಒಂದೊಂದು ಹನಿ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಸೀಮೆಸುಣ್ಣವನ್ನು ಫೋರ್ಕಿಗೆ ಒತ್ತಿ ಹಿಡಿದು, ತಿರುಗುವ ರಿಮ್ಮಿಗೆ ಮೆಲ್ಲಗೆ ತಾಗಿಸಿ. ಉಬ್ಬಿದ ಕಡೆ ಮಾತ್ರ ಬಿಳಿ ಗುರುತು ಬೀಳುತ್ತದೆ. ಗುರುತು ಬಲಕ್ಕೆ ಬಿದ್ದಿದ್ದರೆ ಅದರ ನಡುವಿನ ಎಡದ ಕಡ್ಡಿಯನ್ನು ಕಾಲು ಸುತ್ತು ಬಿಗಿ, ಅದರ ಅಕ್ಕಪಕ್ಕದ ಬಲದ ಕಡ್ಡಿಗಳನ್ನು ಅರ್ಧಪಾಲು, ಅಂದರೆ ಒಂದೊಂದನ್ನೂ ಎಂಟನೇ ಒಂದು ಸುತ್ತು ಸಡಿಲ. ಮತ್ತೆ ತಿರುಗಿಸಿ ನೋಡಿ. ನಿಪ್ಪಲಿನ ಒಂದು ಪೂರ್ತಿ ಸುತ್ತಿಗೆ ಕಡ್ಡಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಸರಿಯುತ್ತದೆ. ಕಡಿಮೆ ಅನ್ನಿಸುತ್ತದೆ, ಅಲ್ಲ.

ಎತ್ತ ತಿರುಗಿಸಿದರೆ ಬಿಗಿ ಅನ್ನುವಲ್ಲಿ ಎಂಜಿನಿಯರಿಂಗ್ ಓದಿದವರೂ ಎಡವುತ್ತಾರೆ. ಟೈರಿನ ಕಡೆಯಿಂದ, ಅಂದರೆ ರಿಮ್ಮಿನ ಹೊರಗಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು ಬಿಗಿ. ಆದರೆ ಕೀ ಹಾಕುವುದು ಒಳಗಿನಿಂದ, ಹಬ್ಬಿನ ಕಡೆಯಿಂದ. ಆಗ ಕಣ್ಣಿಗೆ ಕಾಣುವುದು ಉಲ್ಟಾ. ತಲೆಕೆಡಿಸಿಕೊಳ್ಳಬೇಡಿ. ಬಿಗಿ ಮಾಡುವ ನಿಪ್ಪಲನ್ನು ಚಕ್ರದ ನೆತ್ತಿಗೆ ತಂದು, ಟೈರಿನ ಮೇಲಿನಿಂದ ಬಗ್ಗಿ ನೋಡುತ್ತಾ ಬಾಟಲಿ ಮುಚ್ಚಳ ಹಾಕುವ ದಿಕ್ಕಿಗೆ ತಿರುಗಿಸಿ.

ಸಡಿಲಿಸುವುದು ಅಂದರೆ ನಮಗೆ ಅವಮಾನ, ಆದ್ದರಿಂದ ಎಲ್ಲರೂ ಬಿಗಿ ಮಾಡುತ್ತಲೇ ಹೋಗುತ್ತಾರೆ. ಎಳೆತ ಮಿತಿ ಮೀರಿದರೆ ರಿಮ್ ಒಮ್ಮೆಗೇ ಮಸಾಲೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಬಿದ್ದಾಗ ಆಗದ ಬೆಂಡು ರಿಪೇರಿಯಲ್ಲಿ ಆಗುವುದು ಹೀಗೆ. ಅಲ್ಲದೆ ಕಡ್ಡಿಯ ತುದಿ ನಿಪ್ಪಲ್ ದಾಟಿ ಹೊರಬಂದು ಟ್ಯೂಬಿಗೆ ಒಳಗಿನಿಂದಲೇ ಚುಚ್ಚಿ, ರಸ್ತೆಯಲ್ಲಿ ಮೊಳೆ ಹುಡುಕುತ್ತಾ ಕೂರುವ ಹಾಗಾಗುತ್ತದೆ. ಪಂಕ್ಚರ್ ಟ್ಯೂಬಿನ ಒಳಸುತ್ತಿನಲ್ಲಿ, ರಿಮ್ ಕಡೆಗೆ ಇದ್ದರೆ ಮೊಳೆಯನ್ನು ಬೈಯಬೇಡಿ. ತುದಿಯನ್ನು ಅರದಿಂದ ಉಜ್ಜಿ, ರಿಮ್ ಟೇಪ್ ಸರಿ ಮಾಡಿ.

ರಿಮ್ ಬ್ರೇಕ್ ಇರುವ ಸೈಕಲ್ಲಿಗೆ ಓಲಾಟ 1 ಮಿಲಿಮೀಟರಿಗೆ ಬಂದರೆ ಚೆನ್ನ, 2ಕ್ಕೆ ನಿಂತರೆ ಸಂಸಾರ ಸಾಗುತ್ತದೆ. ರಿಮ್ಮಿನ ಅಂಚೇ ಗುಂಡಿಗೆ ಬಡಿದು ಒಳಕ್ಕೆ ಕುಸಿದಿದ್ದರೆ ಮಾತ್ರ ಕಡ್ಡಿಯಿಂದ ಅದನ್ನು ತೆಗೆಯಲಾಗದು, ಹೊಸ ರಿಮ್ಮೇ ಗತಿ.

ಗೇರ್ ಸೈಕಲ್ ಬಲಕ್ಕೆ ಬಿದ್ದಿದ್ದರೆ ಇನ್ನೊಂದು ಮಾತು. ಹಿಂದಿನಿಂದ ನೋಡಿದಾಗ ಗೇರಿನ ಆ ಜೋತಾಡುವ ಭಾಗ ಚಕ್ರದ ಕಡೆಗೆ ವಾಲಿದ್ದರೆ ಅದನ್ನು ಹಿಡಿದಿರುವ ಕೊಂಡಿ ಬಾಗಿದೆ. ಅದನ್ನು ಸರಿಪಡಿಸದೆ ದಿಬ್ಬದಲ್ಲಿ ಅತಿ ಹಗುರದ ಗೇರಿಗೆ ಹಾಕಿದರೆ ಅದು ಸೀದಾ ಕಡ್ಡಿಗಳೊಳಗೆ ಸಿಕ್ಕಿ, ಗೇರು, ಕಡ್ಡಿ, ಚೈನು ಮೂರೂ ಒಟ್ಟಿಗೆ ಹೋಗುತ್ತವೆ.

ಎಲ್ಲ ಮುಗಿಸಿ ಹತ್ತಿ ಹೊರಟಾಗ ಮೊದಲ ನಾಲ್ಕು ಮಾರು ಚಕ್ರದಿಂದ ಟಿಣ್, ಟಿಣ್ ಅಂತ ಸದ್ದು ಬರುತ್ತದೆ. ಕೀ ತಿರುಗಿಸುವಾಗ ನಿಪ್ಪಲಿನ ಜೊತೆ ತಾವೂ ತಿರುಚಿಕೊಂಡಿದ್ದ ಕಡ್ಡಿಗಳು ಭಾರ ಬಿದ್ದ ಕೂಡಲೇ ಬಿಚ್ಚಿಕೊಳ್ಳುವ ಸದ್ದು ಅದು. ಏನೂ ಆಗಿಲ್ಲ. ಮನೆಗೆ ಹೋಗಿ ಸೀಮೆಸುಣ್ಣ ಹಿಡಿದು ಇನ್ನೊಮ್ಮೆ ನೋಡಿದರೆ ಆಯಿತು. ಅಷ್ಟರಲ್ಲಿ ಬೀಡಾ ಅಂಗಡಿ ಕಡೆಯಿಂದ ಕೇಳಿಸುತ್ತದೆ: "ಕಡ್ಡಿ ಮುರೀತು ನೋಡಿ ಸಾರ್!"