ಗೆದ್ದ ಮೇಲಿನ ಪಾಡು
ಗಡಿಯಾಚೆಗಿನ ವ್ಯಾಜ್ಯಗಳ ಕುರಿತ ಕಾನೂನು ವಿಚಾರ ಸಂಕಿರಣದ ವರದಿಯೊಂದನ್ನು ಓದಿದೆ. ಅದರಲ್ಲಿ ಮಧ್ಯಸ್ಥಿಕೆಯ (ನ್ಯಾಯಾಲಯದ ಬದಲು ಮಧ್ಯಸ್ಥಗಾರರಿಂದ ತೀರ್ಪು ಪಡೆಯುವ ಕ್ರಮದ) ಹೊಗಳಿಕೆ ಧಾರಾಳವಾಗಿದೆ, ಆ ತೀರ್ಪನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸುವ ಮಾತು ಮಾತ್ರ ಒಂದೇ ಸಾಲು. ವಕೀಲರು ಎಡವುವುದೇ ಅಲ್ಲಿ! ವಿದೇಶಿ ಐತೀರ್ಪುಗಳ, ಅಂದರೆ ಮಧ್ಯಸ್ಥಗಾರರ ತೀರ್ಪುಗಳ, ಜಾರಿಗಾಗಿ ದೇಶಗಳು ಮಾಡಿಕೊಂಡ 1958ರ ನ್ಯೂಯಾರ್ಕ್ ಒಪ್ಪಂದದ 4ನೇ ವಿಧಿಯಂತೆ ಜಾರಿ ಕೋರುವವರು ಐತೀರ್ಪಿನ ಮೂಲ ಅಥವಾ ದೃಢೀಕೃತ ಪ್ರತಿ, ಮಧ್ಯಸ್ಥಿಕೆ ಕರಾರು, ಭಾಷೆ ಬೇರೆಯಾದರೆ ದೃಢೀಕೃತ ಅನುವಾದ ಹಾಜರುಪಡಿಸಬೇಕು. 5ನೇ ವಿಧಿ ಜಾರಿಯ ತಿರಸ್ಕಾರಕ್ಕೆ ಕೊಡುವ ಕಾರಣಗಳು ಕೆಲವೇ. ಐತೀರ್ಪಿನ ಸರಿತಪ್ಪನ್ನು ಮತ್ತೆ ಕೆದಕುವಂತಿಲ್ಲ. ಆದರೆ ಎದುರಾಳಿಗೆ ಸರಿಯಾಗಿ ನೋಟಿಸ್ ಮುಟ್ಟಿರದಿದ್ದರೆ ಇಡೀ ವಿಚಾರಣೆಯೇ ನೀರುಪಾಲಾದೀತು. ಇನ್ನು ಕರಾರು ಬರೆಯುವಾಗ ಕಲಾಪ ನಡೆಯುವ ಜಾಗವನ್ನೂ ಕಾನೂನಿನ ಪೀಠಸ್ಥಾನವನ್ನೂ (ಮಧ್ಯಸ್ಥಿಕೆ ಕಾನೂನಿನ ದೃಷ್ಟಿಯಲ್ಲಿ ಸೇರಿದ ಸ್ಥಳವನ್ನು) ಕಲಸಿಬಿಡುತ್ತಾರೆ. ಐತೀರ್ಪಿನ ರದ್ದತಿ ಕೋರಿ ಹೋಗಬೇಕಾದದ್ದು ಸಾಮಾನ್ಯವಾಗಿ ಪೀಠಸ್ಥಾನದ ನ್ಯಾಯಾಲಯಕ್ಕೆ. ಎದುರಾಳಿಯ ಆಸ್ತಿ ಯಾವ ದೇಶದಲ್ಲಿದೆ, ಆ ದೇಶ ಒಪ್ಪಂದಕ್ಕೆ ಸೇರಿದೆಯೇ ಎಂಬುದನ್ನಂತೂ ಸಹಿಗೆ ಮುನ್ನವೇ ನೋಡಬೇಕು.