ಹೆತ್ತವರಿಗೆ ಹೆಗ್ಗಣ, ಕೊಂಡವರಿಗೆ ಫೋನು

ನನ್ನ ಫೋನು ಬಿಸಿಯಾಗುತ್ತದೆ. ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿದರೆ ಸಾಕು, ಅಂಗೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದ ಹಾಗಾಗುತ್ತದೆ. ಮನೆಯವರಿಗೆಲ್ಲ ಇದು ಗೊತ್ತು. ಆದರೆ ಮೊನ್ನೆ ನನ್ನ ಭಾವಮೈದುನ ಅದನ್ನು ಕೈಗೆ ತಗೊಂಡು, "ಏನ್ ಭಾವ, ಇಷ್ಟು ಬಿಸಿ?" ಅಂದಾಗ ನಾನು ಕೊಟ್ಟ ಉತ್ತರ ಕೇಳಿ ನನಗೇ ಆಶ್ಚರ್ಯವಾಯಿತು. "ಮೆಟಲ್ ಬಾಡಿ ಅಲ್ವಾ, ಒಳಗಿನ ಶಾಖವನ್ನೆಲ್ಲ ಹೊರಗೆ ಹಾಕ್ತಿದೆ. ಬಿಸಿ ಆಗ್ತಿದೆ ಅಂದ್ರೆ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅರ್ಥ."

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಂಪನಿ ನನಗೆ ಸಂಬಳ ಕೊಡುವುದಿಲ್ಲ. ನಾನೇ ಅದಕ್ಕೆ ದುಡ್ಡು ಕೊಟ್ಟವನು. ಆದರೂ ವಕಾಲತ್ತು ನನ್ನದೇ, ಅದೂ ಫೀಸಿಲ್ಲದೆ. ಯಾವ ಕಂಪನಿ ಅಂತ ಇಲ್ಲಿ ಹೇಳುವುದಿಲ್ಲ. ಅದರ ಮಾನ ಹೋಗಬಾರದಲ್ಲ!

ಫೋನ್ ಅಭಿಮಾನಿಗಳ ನ್ಯಾಯವೇ ಬೇರೆ. ನಮ್ಮ ಫೋನು ಹ್ಯಾಂಗ್ ಆದರೆ, "ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ ಬಿಡು." ಎದುರಿನವರದು ಹ್ಯಾಂಗ್ ಆದರೆ, "ಆ ಕಂಪನಿ ಹಣೆಬರಹವೇ ಅಷ್ಟು." ನಮ್ಮದರಲ್ಲಿ ಇಲ್ಲದ ಸೌಲಭ್ಯ ಯಾರಿಗೂ ಬೇಕಿಲ್ಲದ್ದು. ಮುಂದಿನ ವರ್ಷ ಅದೇ ನಮ್ಮದಕ್ಕೂ ಬಂದರೆ, "ತಡವಾದರೂ ನೋಡು, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ!" 2007ರಲ್ಲಿ ಮೊದಲ ಐಫೋನ್ ತೋರಿಸುತ್ತಾ ಆಪಲ್‌ನ ಸ್ಟೀವ್ ಜಾಬ್ಸ್, ಸ್ಟೈಲಸ್ (ಪರದೆ ಮೇಲೆ ಬರೆಯುವ ಕಡ್ಡಿ) ಯಾರಿಗೆ ಬೇಕು ಅಂತ ಕೇಳಿದ್ದರು. 2015ರಲ್ಲಿ ಅದೇ ಆಪಲ್ ಐಪ್ಯಾಡ್ ಜೊತೆಗೆ ಒಂದು ಪೆನ್ಸಿಲ್ ತಂದಿತು. ನನ್ನ ಭಾವಮೈದುನನದು ಐಫೋನ್ ಮನೆತನ. ಇದನ್ನು ಎತ್ತಿದರೆ ಅವನು ಕಣ್ಣು ಮಿಟುಕಿಸದೆ ಹೇಳುತ್ತಾನೆ: "ಅದು ಸ್ಟೈಲಸ್ ಅಲ್ಲ ಭಾವ, ಪೆನ್ಸಿಲ್."

ಒಂದು ಗುಟ್ಟು ಹೇಳಿಬಿಡುತ್ತೇನೆ. ಫೋನು ಕೊಳ್ಳುವ ಮೊದಲು ನಾನು ನೋಡಿದ ರಿವ್ಯೂಗಳು ಮೂರೋ ನಾಲ್ಕೋ. ಕೊಂಡ ಮೇಲೆ ನೋಡಿದ್ದಕ್ಕೆ ಲೆಕ್ಕವಿಲ್ಲ. ದುಡ್ಡು ಕೊಟ್ಟಾಗಿದೆ, ಡಬ್ಬ ಒಡೆದಾಗಿದೆ, ಇನ್ನು ಏನು ನೋಡುವುದಿದೆ? ಆದರೂ ರಾತ್ರಿ ಮಲಗಿಕೊಂಡು, ಅದೇ ಫೋನಿನಲ್ಲಿ, ಅದೇ ಫೋನಿನ ಹೊಗಳಿಕೆ ನೋಡುತ್ತೇನೆ. ಯಾರಾದರೂ "ಕ್ಯಾಮೆರಾ ಸುಮಾರು" ಅಂದರೆ ಆ ವಿಡಿಯೋ ಅಲ್ಲಿಗೇ ಬಂದ್. ಅವನಿಗೆ ಏನು ಗೊತ್ತು?

ಇದು ನನ್ನೊಬ್ಬನ ರೋಗ ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದಲ್ಲಿ ಹೊಸ ಕಾರು ಕೊಂಡವರ ಬಗ್ಗೆ 1957ರಲ್ಲಿ ಒಂದು ಅಧ್ಯಯನ ಬಂದಿತ್ತು. ಕಾರು ಮನೆಗೆ ಬಂದ ಮೇಲೂ ಜನ ಜಾಹೀರಾತು ಓದುತ್ತಿದ್ದರು. ಅದರಲ್ಲೂ ತಾವು ಕೊಂಡ ಕಾರಿನದನ್ನೇ ಜಾಸ್ತಿ ಓದುತ್ತಿದ್ದರು. ನೋಡಿ ಬಿಟ್ಟುಬಂದ ಕಾರುಗಳದ್ದನ್ನು ಅಷ್ಟಾಗಿ ಓದುತ್ತಿರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಅನ್ನುವ ಅಳುಕು ಒಳಗೆ ಕೊರೆಯುತ್ತಿರುತ್ತದೆ, ಅದನ್ನು ಸುಮ್ಮನಾಗಿಸಬೇಕು. ಹಾಗಾದರೆ ನಾನು ಇಷ್ಟು ದಿನ ವಾದ ಮಾಡಿದ್ದು ಕಂಪನಿಯ ಪರವಾಗಿ ಅಲ್ಲ. ಅಂಗಡಿಯಲ್ಲಿ ನಿಂತು "ಇದೇ ಕೊಡಿ" ಅಂದನಲ್ಲ, ಆ ನನ್ನ ಪರವಾಗಿ. ಫೋನನ್ನು ಬೈದರೆ ಆ ಮನುಷ್ಯನನ್ನು ಪೆದ್ದ ಅಂದ ಹಾಗೆ.

ನಾವು ಹೀಗೆ ಮುಖ ಕೆಂಪಗೆ ಮಾಡಿಕೊಂಡು ಕೂತಿರುವಾಗ ಕಂಪನಿಗಳು ಏನು ಮಾಡುತ್ತಿರುತ್ತವೆ? ಆಪಲ್ ಮತ್ತು ಸ್ಯಾಮ್‌ಸಂಗ್ 2011ರಿಂದ 2018ರವರೆಗೆ ಪೇಟೆಂಟ್ ವಿಚಾರಕ್ಕೆ ಕೋರ್ಟಿನಲ್ಲಿ ಕಾದಾಡಿದವು. ಅದರ ನಡುವೆಯೇ 2017ರಲ್ಲಿ ಐಫೋನ್ ಟೆನ್ ಬಂತು. ಅದರ ಒಎಲ್ಇಡಿ ಪರದೆ ಮಾಡಿಕೊಟ್ಟವರು ಸ್ಯಾಮ್‌ಸಂಗ್‌ನವರು! ನನ್ನ ಭಾವಮೈದುನ ಸ್ಯಾಮ್‌ಸಂಗ್ ಅಂದರೆ ಮೂಗು ಮುರಿಯುತ್ತಿದ್ದ ಆ ದಿನಗಳಲ್ಲೆಲ್ಲ ಅವನ ಬೆರಳು ಓಡಾಡಿದ್ದು ಅದರ ಮೇಲೇ. ಇನ್ನು ಸ್ಯಾಮ್‌ಸಂಗ್‌ನದೂ ಕಡಿಮೆ ಕಥೆಯಲ್ಲ. ಹೆಡ್‌ಫೋನ್ ತೂತು ತೆಗೆದರು ಅಂತ ಆಪಲನ್ನು ಗೇಲಿ ಮಾಡಿತು, 2019ರ ನೋಟ್ 10ರಲ್ಲಿ ತಾನೂ ತೆಗೆಯಿತು. ಡಬ್ಬದಲ್ಲಿ ಚಾರ್ಜರ್ ಕೊಡಲಿಲ್ಲ ಅಂತ 2020ರಲ್ಲಿ ನಕ್ಕಿತು. ಮೂರೇ ತಿಂಗಳಲ್ಲಿ ಅದರ ಡಬ್ಬದಲ್ಲೂ ಚಾರ್ಜರ್ ನಾಪತ್ತೆ. ಆಗ ಜೊತೆಗೂಡಿ ನಕ್ಕ ಅಭಿಮಾನಿಗಳ ಗತಿ ನೋಡಿ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಬೇಕು, ಬೇರೆ ದಾರಿಯಿಲ್ಲ.

ನನಗೆ ತುಂಬ ಇಷ್ಟವಾದ ದೃಶ್ಯ ಮಾತ್ರ 1997ರ ಆಗಸ್ಟ್‌ನದು. ಬಾಸ್ಟನ್‌ನಲ್ಲಿ ಆಪಲ್‌ನ ಮ್ಯಾಕ್ ಕಂಪ್ಯೂಟರ್ ಅಭಿಮಾನಿಗಳ ಸಮಾವೇಶ. ಆಪಲ್ ನಷ್ಟದಲ್ಲಿ ಮುಳುಗುತ್ತಿತ್ತು. ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ನಿಂತು, ಹಳೆಯ ಎದುರಾಳಿ ಮೈಕ್ರೋಸಾಫ್ಟೇ ಆಪಲ್‌ನಲ್ಲಿ 15 ಕೋಟಿ ಡಾಲರ್ ಹೂಡುತ್ತಿದೆ ಅಂದರು. ಹಿಂದಿದ್ದ ದೊಡ್ಡ ಪರದೆಯ ಮೇಲೆ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಮುಖ ಮೂಡಿತು. ಸಭೆಯಲ್ಲಿ ಕೂಗಾಟ, ಛೀಮಾರಿ! ಮುಳುಗುವ ದೋಣಿಗೆ ಹಗ್ಗ ಎಸೆಯಲು ಬಂದವನನ್ನು ದೋಣಿಯಲ್ಲಿದ್ದವರೇ ಓಡಿಸಲು ನೋಡಿದರು. ಆಪಲ್ ಗೆಲ್ಲಬೇಕಾದರೆ ಮೈಕ್ರೋಸಾಫ್ಟ್ ಸೋಲಲೇಬೇಕು ಅನ್ನುವುದನ್ನು ಬಿಟ್ಟುಬಿಡಬೇಕು ಅಂತ ಜಾಬ್ಸ್ ಆಮೇಲೆ ಸಮಾಧಾನ ಹೇಳಬೇಕಾಯಿತು. ಯಜಮಾನನೇ ರಾಜಿಯಾದರೂ ಬಂಟರಿಗೆ ಒಪ್ಪಿಗೆಯಿಲ್ಲ.

ದುಡ್ಡು ಕೊಟ್ಟಿದ್ದಕ್ಕೇ ಇಷ್ಟೆಲ್ಲ ಅಂತ ಮುಗಿಸಬಹುದಿತ್ತು. ಆದರೆ ಪ್ರೋಗ್ರಾಮರ್‌ಗಳ ಜಗಳವೊಂದು ಅಡ್ಡ ಬರುತ್ತದೆ. ವಿಐ ಮತ್ತು ಈಮ್ಯಾಕ್ಸ್ ಅಂತ ಎರಡು ಟೆಕ್ಸ್ಟ್ ಎಡಿಟರ್‌ಗಳು, ಅಂದರೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯಲು, ತಿದ್ದಲು ಬಳಸುವ ತಂತ್ರಾಂಶಗಳು. ಎರಡೂ ಹುಟ್ಟಿದ್ದು 1976ರಲ್ಲಿ. ಇವತ್ತು ಎರಡೂ ಪುಕ್ಕಟೆ ಸಿಗುತ್ತವೆ. ಯಾರು ಯಾವುದನ್ನು ಬಳಸಿದರೆ ಯಾರಿಗೇನು ನಷ್ಟ? ಆದರೂ ಆ ಜಗಳ ಇನ್ನೂ ನಿಂತಿಲ್ಲ. ಈಮ್ಯಾಕ್ಸ್ ಬರೆದ ರಿಚರ್ಡ್ ಸ್ಟಾಲ್ಮನ್ ನಿಲುವಂಗಿ ತೊಟ್ಟು, ಹಳೆಯ ಕಂಪ್ಯೂಟರ್ ಡಿಸ್ಕನ್ನು ಪ್ರಭಾವಳಿ ಮಾಡಿಕೊಂಡು, ಈಮ್ಯಾಕ್ಸ್ ಮಠದ ಸಂತನಂತೆ ತಮಾಷೆ ಮಾಡುವುದುಂಟು. ಇಲ್ಲಿ ಸುರಿದಿರುವುದು ದುಡ್ಡಲ್ಲ, ವರ್ಷಗಳು. ಕಷ್ಟಪಟ್ಟು ಬೆರಳಿಗೆ ಕಲಿಸಿದ್ದನ್ನು ಮರೆ ಅಂದರೆ ಬೆರಳು ಕೇಳುತ್ತದಾ?

ಮೊದಲೆಲ್ಲ ನಮ್ಮಿಬ್ಬರ ನಡುವಿನ ಗಡಿ ಚಾರ್ಜರ್ ಕೇಬಲ್ ಆಗಿತ್ತು. ನನ್ನದು ಅವನಿಗೆ ಆಗುತ್ತಿರಲಿಲ್ಲ, ಅವನದು ನನಗೆ ಆಗುತ್ತಿರಲಿಲ್ಲ. ಯುರೋಪಿಯನ್ ಒಕ್ಕೂಟ ಎಲ್ಲ ಫೋನಿಗೂ ಒಂದೇ ಬಗೆಯ ಚಾರ್ಜಿಂಗ್ ತೂತು, ಯುಎಸ್‌ಬಿ-ಸಿ, ಇರಲಿ ಅಂತ ಕಾನೂನು ತಂದಿತು. 2023ರ ಐಫೋನ್ 15ಕ್ಕೂ ಅದೇ ಬಂತು. ಮೊನ್ನೆ ಅವನ ಬ್ಯಾಟರಿ ಮೂರು ಪರ್ಸೆಂಟ್‌ಗೆ ಇಳಿದಿತ್ತು. ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ನನ್ನ ಚಾರ್ಜರ್ ಕೇಳಿದ. ಕೊಟ್ಟೆ. ಸಿಕ್ಕಿಸಿದ. ಸರಿಯಾಗಿ ಕೂತಿತು. ಇಬ್ಬರೂ ಏನೂ ಮಾತಾಡಲಿಲ್ಲ.

ಕಾಲು ಗಂಟೆ ಬಿಟ್ಟು ನಾನು ಸುಮ್ನೆ ಅವನ ಫೋನಿನ ಬೆನ್ನು ಮುಟ್ಟಿ ನೋಡಿದೆ.

"ಏನೋ, ನಿಂದೂ ಬಿಸಿ ಆಗಿದೆಯಲ್ಲೋ?"

"ಚಾರ್ಜರ್ ನಿಮ್ಮದಲ್ವಾ ಭಾವ, ಅದಕ್ಕೇ."