ಮಾವ ಕಣ್ಣು ಮಿಟುಕಿಸಿದ್ದು

ಮುಂಬೈಯ ಮಾಟುಂಗದ ಒಂದು ಬ್ಯಾಂಕಿನಲ್ಲಿ ವಿಚಾರಣೆ ಕೌಂಟರಿನವರು ರಿಟೈರ್ ಆದರು. ಅವರ ಕುರ್ಚಿಗೆ ಇನ್ನೊಬ್ಬರು ಬರಲಿಲ್ಲ. ಕುರ್ಚಿಯನ್ನೇ ಎತ್ತಿ ಆಳೆತ್ತರದ ಪರದೆ ನಿಲ್ಲಿಸಿದರು. ಒಳಗೊಬ್ಬಳು ಅನಿಮೇಷನ್ ಹುಡುಗಿ. ನೀಲಿ ಸೀರೆ, ಹಣೆಗೆ ಬೊಟ್ಟು. ಉಸಿರಾಡುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ನಾವು ಮಾತಾಡಿದರೆ ತಲೆ ಆಡಿಸುತ್ತಾಳೆ. ಹಿಂದಿನವರು ಇದರಲ್ಲಿ ಉಸಿರಾಟ ಒಂದನ್ನೇ ಮಾಡುತ್ತಿದ್ದರು, ಸುಳ್ಳು ಹೇಳಬಾರದು.

ನವೆಂಬರ್ ಬಂತು. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಅಂತ ಸರ್ಕಾರಕ್ಕೆ ತೋರಿಸುವ ತಿಂಗಳು. ರೈಲ್ವೆಯಲ್ಲಿ 36 ವರ್ಷ ದುಡಿದ ನನ್ನ ಸೋದರಮಾವ ಫೋನ್ ಮಾಡಿದರು. "ಬಾ ಮಾರಾಯ, ನಾನು ಇದ್ದೇನೆ ಅಂತ ಹೇಳ್ಲಿಕ್ಕೆ ಒಂದು ಜನ ಬೇಕು."

ಪರದೆಯ ಮುಂದೆ ನಿಂತೆವು. "ನಮಸ್ಕಾರ, ಬೋಲಾ" ಅಂದಳು ಹುಡುಗಿ. ಮರಾಠಿ ಮಾವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಬಾಯಲ್ಲಿ ಎಲೆಯಡಿಕೆ. ಮೊದಲು ಅದು ಎಡದವಡೆಗೆ ಸರಿಯಬೇಕು, ಆಮೇಲೆ ಮಾತು.

ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗಲು ಮನುಷ್ಯರಿಗೆ ಸುಮಾರು 200 ಮಿಲಿಸೆಕೆಂಡ್ ಸಾಕು. ಹತ್ತು ಭಾಷೆಗಳಲ್ಲಿ ಅಳೆದು ನೋಡಿದ್ದಾರೆ. ಇಂಥ ಗೊಂಬೆ ಮಾಡುವವರಿಗೆ ಅದೇ ದೊಡ್ಡ ತಲೆನೋವು. ಜಾಸ್ತಿ ಕಾದರೆ ಗೊಂಬೆ ಪೆದ್ದಿ, ಬೇಗ ಬಾಯಿ ಹಾಕಿದರೆ ಅಧಿಕಪ್ರಸಂಗಿ. ಎಲೆಯಡಿಕೆಯನ್ನು ಯಾರೂ ಅಳೆದಂತಿಲ್ಲ. ಮಾವ "ಪೆನ್ಶನ್..." ಅಂದು ದವಡೆ ಬದಲಿಸುವುದರೊಳಗೆ ಹುಡುಗಿ ಹೊಸ ಪೆನ್ಶನ್ ಸ್ಕೀಮ್ ವಿವರಿಸಲು ಶುರು ಮಾಡಿದಳು. 60 ದಾಟಿದ ಮೇಲೆ ನೆಮ್ಮದಿಯ ಬದುಕಂತೆ. ಮಾವನಿಗೆ 78.

ಎದುರಿನವರು ಮಾತಾಡುವಾಗ ಸುಮ್ನೆ ನಿಂತರೆ ಮರ್ಯಾದೆಯಲ್ಲ, ಅಲ್ವಾ? ಮಾವ ಪ್ರತಿ ವಾಕ್ಯಕ್ಕೂ "ಹೂಂ" ಅಂದರು. ಕೇಳುತ್ತಿದ್ದೇನೆ ಅನ್ನುವ ಹೂಂ ಅದು. ಹುಡುಗಿಗೆ ಅದು ಒಪ್ಪಿಗೆಯ ಹೂಂ. ಮೂರನೇ ಹೂಂಗೆ ಮೊಬೈಲ್ ನಂಬರ್ ಕೇಳಿದಳು. ನಾನು ಮಾವನ ಭುಜ ಹಿಡಿದು ಹಿಂದಕ್ಕೆ ಎಳೆದೆ.

1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ 'ಎಲೈಜಾ' ಅನ್ನುವ ಪ್ರೋಗ್ರಾಂ ಬರೆದಿದ್ದರು. ಅದಕ್ಕೆ ಮುಖವೂ ಇರಲಿಲ್ಲ, ಸೀರೆಯೂ ಇರಲಿಲ್ಲ. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಆದರೂ ಅವರ ಸೆಕ್ರೆಟರಿಯೇ, ನಾನು ಇದರ ಜೊತೆ ಮಾತಾಡಬೇಕು, ನೀವು ಸ್ವಲ್ಪ ಹೊರಗೆ ಹೋಗಿ ಅಂದರಂತೆ. ಇಲ್ಲಿ ರೆಪ್ಪೆಯ ಕೂದಲು ಎಣಿಸಬಹುದು, ಅಷ್ಟು ನಾಜೂಕು. ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ.

ಬಾಗಿಲಲ್ಲಿದ್ದ ವಾಚ್‌ಮನ್ ಇದನ್ನೆಲ್ಲ ನೋಡುತ್ತಿದ್ದ. "ಅವಳನ್ನು ಕೇಳಬೇಡಿ ಕಾಕಾ" ಅಂತ ನನ್ನ ಮೊಬೈಲ್ ಇಸಿದುಕೊಂಡು ಆ್ಯಪ್ ತೆಗೆದ. ಮುಖ ನೋಡಿ ಜೀವನ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2021ರಿಂದಲೇ ಇದೆ. ಕ್ಯಾಮೆರಾ ನೋಡಬೇಕು, ಕಣ್ಣು ಮಿಟುಕಿಸಬೇಕು. ಫೋಟೋ ಹಿಡಿದು ಯಾರೂ ಮೋಸ ಮಾಡಬಾರದಲ್ಲ.

ಮಾವ ಬೆಳೆದದ್ದು ಸ್ಟುಡಿಯೋ ಫೋಟೋ ಕಾಲದಲ್ಲಿ. ಕ್ಯಾಮೆರಾ ಎದುರು ಬಂದರೆ ಎದೆ ಸೆಟೆಯುತ್ತದೆ, ರೆಪ್ಪೆ ಅಲ್ಲಾಡುವುದಿಲ್ಲ. ಮೊದಲ ಸಲ ಫೇಲ್. ಎರಡನೇ ಸಲವೂ ಫೇಲ್. ಅವರ ಬೆನ್ನ ಹಿಂದೆ ಹುಡುಗಿ ಪಟಪಟ ಮಿಟುಕಿಸುತ್ತಲೇ ಇದ್ದಳು.

ಮಾವ ತಿರುಗಿ ನೋಡಿದರು. "ಅವಳನ್ನೇ ತೋರಿಸು ಮಾರಾಯ. ನನ್ನ ಪೆನ್ಶನ್ ಅವಳಿಗೇ ಹೋಗ್ಲಿ."

ನಗುವಾಗ ಕಣ್ಣು ಮುಚ್ಚಿ ತೆರೆಯಿತು. ಟಿಣ್ ಅಂತ ಶಬ್ದ. ಮಾವ ಬದುಕಿದ್ದಾರೆ.

ವಾಚ್‌ಮನ್ ಮೊಬೈಲ್ ವಾಪಸ್ ಕೊಟ್ಟು ಮತ್ತೆ ಬಾಗಿಲಿಗೆ ಹೋದ. ಅಲ್ಲಿ ಇನ್ನೂ ನಾಲ್ಕು ಜನ ಹಿರಿಯರು ಅವನಿಗಾಗಿ ಕಾಯುತ್ತಿದ್ದರು. ಹೊರಡುವಾಗ ಮಾವ ಅಭ್ಯಾಸಬಲದಿಂದ ಪರದೆಯ ಕಡೆ ಕೈ ಎತ್ತಿ "ಯೇತೋ ಹಾಂ" ಅಂದರು, ಬರ್ತೇನೆ ಆಯ್ತಾ ಅಂತ.

ಹಾಂ ಕೇಳಿಸಿದ್ದೇ ತಡ, ಹುಡುಗಿ ಮತ್ತೆ ಮೊಬೈಲ್ ನಂಬರ್ ಕೇಳಿದಳು.